ತೆಲುಗು ಬಲ್ಲ ಗಂಡ

ನಮ್ಮ ಮನೆಯವರಿಗೆ ತೆಲುಗು ಬರುತ್ತದೆ. ಹಾಗಂತ ಹೇಳಿದವರು ಬೇರೆ ಯಾರೂ ಅಲ್ಲ, ಅವರೇ. ಕುಷ್ಟಗಿಯಿಂದ ನನಗಿಂತ ಒಂದು ಮಳೆಗಾಲ ಮೊದಲು ಹೈದರಾಬಾದಿಗೆ ಬಂದವರು, ಊರಿಗೆ ಬಂದಾಗಲೆಲ್ಲ ನನ್ನ ತಲೆ ತಿಂದರು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿವೆಯಂತೆ, ಕಂಪ್ಯೂಟರಿನವರೆಲ್ಲ ಅಲ್ಲಿಗೇ ಬರುತ್ತಿದ್ದಾರಂತೆ, ನಾವೂ ದಡ ಸೇರುತ್ತೇವಂತೆ. ಸೇರಿದ್ದು ಇಟ್ಟಿಗೆ ಹೊರುವ ಕೂಲಿಗೆ, ತಗಡಿನ ಶೆಡ್ಡಿಗೆ. ಬೆಳೆದ ಹುಡುಗಿಯನ್ನು ಅದರಲ್ಲಿ ಹೇಗೆ ಇಟ್ಟುಕೊಳ್ಳುವುದು? ಮಗಳು ಕಾವ್ಯಾಳನ್ನು ಅವ್ವನ ಹತ್ತಿರ ಬಿಟ್ಟು ಬಂದೆ. ಬಾಗಿಲು, ಚಿಲಕ ಇರುವ ಕೋಣೆ ಸಿಕ್ಕ ದಿನವೇ ಕರೆಸಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೆ.

ಅಂಥ ಕೋಣೆ ಸಿಕ್ಕೇಬಿಟ್ಟಿತ್ತು. ಹೊಸ ಅಪಾರ್ಟ್‌ಮೆಂಟ್ ಕಾಯಲು ಗಂಡ ಹೆಂಡತಿ ಬೇಕು, ಇರಲು ಕೋಣೆಯನ್ನೂ ಕೊಡುತ್ತಾರೆಂದು ಮೇಸ್ತ್ರಿ ನಮ್ಮನ್ನು ಕಳಿಸಿದ. ಮಾಲೀಕ ಸೆಲ್‌ಫೋನಿನಲ್ಲಿ ಮಾತಾಡುತ್ತಲೇ ನಮ್ಮನ್ನು ನೋಡಿ, ಕಟ್ಟಡದ ಹಿಂದಕ್ಕೆ ಕೈ ಬೀಸಿ, "ಇಲ್ಲು, ಇಲ್ಲು" ಅಂದ.

ನಮ್ಮವರ ಮುಖ ಕೆಂಪಾಯಿತು. "ಇಲ್ಲಂತ. ನಡಿ."

"ಹಿಂದ ಏನೋ ತೋರ್ಸಾಕತ್ತಾರಲ್ರಿ. ಒಂದ್ಸಲ ಕೇಳ್ರಿ."

"ತೆಲುಗು ನನಗ ಬರ್ತೈತೋ, ನಿನಗೋ? ನಾಯಿ ಓಡಿಸಿದಂಗ ಕೈ ಬೀಸ್ತಾನ, ಮತ್ತ ಕೇಳಬೇಕಂತ!"

ರಟ್ಟೆ ಹಿಡಿದು ಎಳೆದುಕೊಂಡೇ ಬಂದರು.

ಪಕ್ಕದ ಶೆಡ್ಡಿನ ಬಂಡೆಮ್ಮ ರಾಯಚೂರಿನವಳು. ಸಂಗತಿ ಕೇಳಿ ಹಣೆ ಹಣೆ ಬಡಿದುಕೊಂಡಳು. "ಹುಸೇನಪ್ಪಣ್ಣಾ, ಇಲ್ಲು ಅಂದ್ರ ತೆಲುಗಿನಾಗ ಮನಿ! ಮನಿ ಹಿಂದೈತಿ, ನೋಡ್ಕೋರಿ ಅಂದಾನ ಅವ!"

ಚಪ್ಪಲಿ ಮೆಟ್ಟದೆ ಓಡಿದೆ. ನಾನು ಹೋಗುವಷ್ಟರಲ್ಲಿ ಬೇರೆ ಯಾವಳೋ ಆ ಕೋಣೆಯ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ನಮ್ಮವರು, "ಬಿಡು, ಬ್ಯಾರೆ ಬಿಲ್ಡಿಂಗ್ ಭಾಳ ಅದಾವ" ಅಂದರು. ಕೈಯಲ್ಲಿ ಇಟ್ಟಿಗೆ ಇರಲಿಲ್ಲ, ಅವರ ಪುಣ್ಯ.

ಭಾನುವಾರ ಕಾವ್ಯಾ ಊರಿನ ಅಂಗಡಿಯ ಫೋನಿನ ಹತ್ತಿರ ಕಾಯುತ್ತಿರುತ್ತಾಳೆ. ಈ ಸಲ ನಂಬರ್ ಒತ್ತಿ ರಿಸೀವರನ್ನು ಅವರ ಕೈಗೇ ತುರುಕಿದೆ. "ನೀವs ಹೇಳ್ರಿ."

"ಅಪ್ಪಾ, ಖೋಲಿ ಸಿಕ್ತೇನು? ನಾ ಅರಿವಿ ಗಂಟು ಕಟ್ಟೀನಿ." ಅವಳ ದನಿ ನನಗೂ ಕೇಳಿಸಿತು.

ಊರಿಗೆಲ್ಲ ಮಾತು ಹೇಳುವ ಮನುಷ್ಯ ರಿಸೀವರನ್ನು ನನ್ನ ಕಡೆ ಚಾಚಿದರು.

"ಇನ್ನೂ ಸುಣ್ಣ ಬಣ್ಣ ನಡದೈತವ್ವಾ, ಒಣಗ್ಲಿ" ಅಂದೆ. ಸುಳ್ಳನ್ನೂ ನಾನೇ ಹೇಳಬೇಕಾಯಿತು ನೋಡಿ.