ನೀರುಗಂಟಿಯ ನಕ್ಷೆ

ಲೈಬ್ರರಿಯವರು ಇಫ್ಫತ್ ಕೈಗೆ ಕೊಟ್ಟದ್ದು ಒಂದೇ ಹಾಳೆ, ಅದರ ಮೇಲೆ ಒಂದೇ ಸಂಖ್ಯೆ: ಶೇಕಡ ಇಪ್ಪತ್ತೆರಡು. ಅಂದರೆ ಅವಳು ಐದು ವರ್ಷ ಬೆವರು ಸುರಿಸಿ ಬರೆದ ಪಿಎಚ್.ಡಿ. ಪ್ರಬಂಧದಲ್ಲಿ ಅಷ್ಟು ಪಾಲು ಕದ್ದ ಮಾಲು ಎಂದು ವಿಶ್ವವಿದ್ಯಾಲಯದ ಕಂಪ್ಯೂಟರು ಹೇಳುತ್ತಿತ್ತು. ಹತ್ತು ದಾಟಿದರೆ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ. ಸಲ್ಲಿಸಲು ಉಳಿದದ್ದು ಎಂಟೇ ದಿನ.

"ಯಾರಿಂದ ಕದ್ದಿದ್ದೀನಂತೆ ಅಕ್ಕಾ?" ಎಂದಳು.

ಪೂರ್ತಿ ವರದಿಯನ್ನು ಗೈಡಿಗೆ ಮಾತ್ರ ಕೊಡುವುದು ಅಲ್ಲಿನ ಪದ್ಧತಿ. ವಿದ್ಯಾರ್ಥಿಗೆ ಸಂಖ್ಯೆ ಸಾಕಂತೆ! ಸಹಾಯಕ ಗ್ರಂಥಪಾಲಕಿ ರಂಜಿತ ಅತ್ತಿತ್ತ ನೋಡಿದಳು, ಆಮೇಲೆ ಸುಮ್ಮನೆ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಆರು ತಿಂಗಳ ಹಿಂದೆ ಅಚ್ಚಾದ ಒಂದು ಲೇಖನ. ಕೆಳಗೆ ಹೆಸರು: ಪ್ರೊ. ಶಿವಶಂಕರ್. ಅವರೇ ಇಫ್ಫತ್‌ಳ ಗೈಡು.

ತಿದ್ದಿಕೊಡಿ ಸಾರ್ ಎಂದು ಕಳೆದ ವರ್ಷ ತಾನೇ ಕೈಯಾರೆ ಕೊಟ್ಟ ಅಧ್ಯಾಯ ಅದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದದ್ದೂ ಅಲ್ಲದೆ, ಬಾಗಿಲ ಪಕ್ಕದ ಗಾಜಿನ ಬೀರುವಿನಲ್ಲಿ ಆ ಲೇಖನ 'ನಮ್ಮ ಅಧ್ಯಾಪಕರ ಸಾಧನೆ' ಎಂಬ ಚೀಟಿ ಹೊತ್ತು ಮೆರೆಯುತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ರಂಜಿತ ಬೀರು ತೆಗೆದು ಲೇಖನ ಕೊಟ್ಟಳು. ಓದುತ್ತ ಹೋದಂತೆ ಇಫ್ಫತ್‌ಗೆ ಸಂಕಟ ಹೋಗಿ ಸಿಟ್ಟು ಏರತೊಡಗಿತು. ತೊಣ್ಣೂರಿನ ಪಕ್ಕದ ಚಿಕ್ಕ ಕೆರೆಯೊಂದರಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದ ನೀರುಗಂಟಿ ಚಿಕ್ಕಸ್ವಾಮಿಯವರ ಬಾಯಿಂದ ಅವಳು ಕೇಳಿ ಬರೆದ ಅಧ್ಯಾಯ ಅದು. ಅವರ ಹೆಸರೂ ಲೇಖನದಲ್ಲಿ ಇರಲಿಲ್ಲ. 'ಲೇಖಕರು ಸ್ವತಃ ಸಂಗ್ರಹಿಸಿದ ಮಾಹಿತಿ' ಎಂದಿತ್ತು. ಸ್ವತಃ! ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ, ಪಾಂಡವಪುರದಲ್ಲಿಳಿದು, ಅಲ್ಲಿಂದ ಸಿಕ್ಕಿದ ಆಟೋ ಹಿಡಿದು ಮೂವತ್ತು ಸಲ ಹೋಗಿ ಬಂದವಳು ಇವಳು.

ನಕ್ಷೆಯ ಪುಟಕ್ಕೆ ಬಂದಾಗ ಮಾತ್ರ ಅವಳ ಕಣ್ಣು ಅಲ್ಲೇ ನಿಂತಿತು.

ಆ ನಕ್ಷೆಯನ್ನು ಚಿಕ್ಕಸ್ವಾಮಿ ಕೆರೆ ಏರಿಯ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ್ದರು. ದಕ್ಷಿಣದ ಗದ್ದೆಗಳು ಮೇಲೆ, ಉತ್ತರದ ಗುಡ್ಡ ಕೆಳಗೆ. ಉತ್ತರ ಮೇಲಿರಬೇಕಲ್ಲವಾ ತಾತ ಎಂದದ್ದಕ್ಕೆ, "ನೀರುಗಂಟಿ ಕೆರೆಗೆ ಬೆನ್ನು ಕೊಟ್ಟು ಗದ್ದೆ ನೋಡ್ಕಂಡು ನಿಂತ್ಕತಾನೆ ಕಣವ್ವ. ಕಣ್ಮುಂದ್ಲದ್ದು ಮ್ಯಾಲೆ, ಬೆನ್ನಿಂದ್ಲದ್ದು ಕೆಳೀಕೆ" ಎಂದಿದ್ದರು. ಅವಳು ಹಾಗೇ ಉಳಿಸಿಕೊಂಡಿದ್ದಳು. ಪ್ರೊಫೆಸರರು ಅದೇ ನಕ್ಷೆ ಎತ್ತಿಕೊಂಡು, ಮೇಲುಗಡೆ ಒಂದು ಬಾಣ ಬಿಡಿಸಿ 'ಉತ್ತರ' ಎಂದು ಬರೆದುಬಿಟ್ಟಿದ್ದರು. ಊರಿನ ಗದ್ದೆಯೆಲ್ಲ ಗುಡ್ಡ ಹತ್ತಿ ಕೂತಿತ್ತು.

ಅವಳು ಅಂದೇ ದೂರು ಬರೆದಳು. ಆರನೆಯ ದಿನ ಲೈಬ್ರರಿಯ ಮೇಲಿನ ಕೋಣೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರು ನಾಗರಾಜು ಎಂಬ ಹಿರಿಯ ಮೇಷ್ಟ್ರು. ಇಫ್ಫತ್ ಚಿಕ್ಕಸ್ವಾಮಿಯವರನ್ನೂ ಕರೆದುಕೊಂಡು ಬಂದಿದ್ದಳು.

"ಈ ಹುಡುಗಿಯೇ ನನ್ನ ಲೇಖನ ನೋಡಿ ಬರೆದಿದ್ದಾಳೆ. ನನ್ನ ಕೈಕೆಳಗಿನ ಮಗು, ಕ್ಷಮಿಸಿದ್ದೀನಿ" ಎಂದರು ಶಿವಶಂಕರ್. ಕ್ಷಮೆಯಂತೆ!

ನಾಗರಾಜು ಲೇಖನದ ನಕ್ಷೆಯನ್ನು ಚಿಕ್ಕಸ್ವಾಮಿಯವರ ಮುಂದಿಟ್ಟು ಬಾಣದ ಅರ್ಥ ಹೇಳಿದರು. ಮುದುಕರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು.

"ಇದುನ್ನ ಬರ್ದೋರು ನಮ್ಮ ಏರಿ ಮ್ಯಾಲೆ ಕಾಲೇ ಇಕ್ಕಿಲ್ಲ ಕಣ್ಸಾಮಿ. ಇಂಗಾದ್ರೆ ನೀರು ಗುಡ್ಡ ಅತ್ಬೇಕಾಯ್ತದೆ. ನಾನು ನಲವತ್ತು ವರ್ಸ ನೀರು ಬುಟ್ಟಿವ್ನಿ, ಒಂದ್ ದಿನಾನೂ ಅತ್ನಿಲ್ಲ."

"ಅಚ್ಚಿನವರ ತಪ್ಪು" ಎಂದು ಶಿವಶಂಕರ್ ಗೊಣಗಿದರು.

ಇಫ್ಫತ್ ಎದ್ದು ನಿಂತಳು. "ದಕ್ಷಿಣ ಮೇಲಿದೆ, ಯಾಕೆ ಅಂತಲೂ ನಾನು ಮುಂದಿನ ಪುಟದಲ್ಲೇ ಬರ್ದಿದ್ದೆ ಸಾರ್. ನೀವು ಪುಟ ತಿರುಗಿಸ್ಲಿಲ್ಲ. ಕದಿಯೋಕಾದ್ರೂ ಪೂರ್ತಿ ಓದ್ಬೇಕಲ್ವಾ?"

ನಾಗರಾಜು ಪ್ರಬಂಧದ ಆ ಪುಟ ಓದಿದರು, ಕನ್ನಡಕ ತೆಗೆದರು, ಆಮೇಲೆ ಮೆತ್ತಗೆ ರಾಜಿಯ ದಾರಿ ಹಿಡಿದರು. "ಹೊರಗಡೆ ಸುದ್ದಿ ಆಗೋದು ಬೇಡಮ್ಮ. ಲೇಖನಕ್ಕೆ ನಿನ್ನ ಹೆಸರೂ ಸೇರಿಸಿಬಿಡೋಣ, ಎರಡನೇದಾಗಿ. ನೀನು ಒಪ್ಪಿದ್ದೆ ಅಂತ ಒಂದು ಸೈನು ಹಾಕು, ನಾಡಿದ್ದು ಪ್ರಬಂಧ ಸಲ್ಲಿಸು."

"ಅಂದ್ರೆ ಏನವ್ವ?" ಎಂದು ಚಿಕ್ಕಸ್ವಾಮಿ ಕೇಳಿದರು. ಅವಳು ಬಿಡಿಸಿ ಹೇಳಿದಳು.

"ಸರಿ ಬುಡಿ. ತೂಬು ಒಡ್ದು ನೀರು ಕದ್ದೋನ್ಗೆ ನಾವು ಮುಂದಿನ್ ಸರದಿ ನೀರೇ ಬುಡ್ತಿರ್ನಿಲ್ಲ. ನೀವು ಮೊದಲ್ನೇ ಸರದೀನೇ ಕೊಡ್ತೀರಿ."

ಇಫ್ಫತ್ ಸೈನು ಹಾಕಲಿಲ್ಲ. ಹಾಕದಿದ್ದ ಮೇಲೆ ಸಮಿತಿಗೆ ಬೇರೆ ದಾರಿ ಇರಲಿಲ್ಲ. ಅಧ್ಯಾಯ ಇಫ್ಫತ್‌ಳದೇ ಎಂದು ಲೈಬ್ರರಿ ಬರೆದುಕೊಡಬೇಕು, ಲೇಖನ ಹಿಂದಕ್ಕೆ ಪಡೆಯಬೇಕು ಎಂದಾಯಿತು. ಆದರೆ ಗೈಡು ಸೈನು ಹಾಕದೆ ಪ್ರಬಂಧ ಸಲ್ಲುವುದಿಲ್ಲ, ಗೈಡನ್ನು ಬದಲಾಯಿಸಿದರೆ ಮತ್ತೆ ಆರು ತಿಂಗಳು ಕಾಯಬೇಕು, ಅದು ನಿಯಮ. ಶಿವಶಂಕರ್ ಸೈನು ಹಾಕದೆ ಕಾರು ಹತ್ತಿ ಮನೆಗೆ ಹೋದರು. ಕದ್ದವರಿಗೆ ಮನೆ, ಕದಿಸಿಕೊಂಡವಳಿಗೆ ಆರು ತಿಂಗಳ ದಂಡ. ಇದ್ಯಾವ ಸೀಮೆ ನ್ಯಾಯವೋ!

ಕೆಳಗೆ ಕೌಂಟರಿನಲ್ಲಿ ರಂಜಿತ ಗೈಡು ಬದಲಾವಣೆಯ ಅರ್ಜಿ ಕೊಟ್ಟಳು. ಹೆಸರು, ವಿಭಾಗ ತುಂಬಿ ಇಫ್ಫತ್ 'ಕಾರಣ' ಎಂಬ ಜಾಗದಲ್ಲಿ ನಿಂತಳು.

"ಅಲ್ಲಿ ಎಲ್ಲರೂ 'ವೈಯಕ್ತಿಕ' ಅಂತ ಬರೀತಾರೆ" ಎಂದಳು ರಂಜಿತ.

ಇಫ್ಫತ್ ದಪ್ಪಕ್ಷರದಲ್ಲಿ ಬರೆದಳು: ಕಳ್ಳತನ.