ಬೆಲೆಚೀಟಿ ಕೀಳದ ಮನೆ

ನಮ್ಮನೇಲಿ ಕ್ರಿಸ್ಮಸ್ ಉಡುಗೊರೆಯ ಬೆಲೆಚೀಟಿ ಕೀಳೋ ಹಾಗಿಲ್ಲ. ಬೇರೆಯವರು ಮೊದಲು ಕತ್ತರಿ ಹುಡುಕೋದೇ ಅದಕ್ಕೆ, ಬೆಲೆ ಕಂಡ್ರೆ ಮರ್ಯಾದೆ ಹೋಗುತ್ತೆ ಅಂತ. ನಮ್ಮಲ್ಲಿ ಬೆಲೆ ಕಾಣದಿದ್ರೆ ಮರ್ಯಾದೆ ಹೋಗುತ್ತೆ. ಇದು ನಮ್ಮತ್ತೆ ಮಾಡಿದ ಕಾನೂನು. ನನ್ನ ಗಂಡ, ಅವರ ಅಣ್ಣ ಇಬ್ಬರೂ ಚಿಕ್ಕವರಿದ್ದಾಗ, ಅವನಿಗೆ ಜಾಸ್ತಿ ಬೆಲೆದು ಕೊಟ್ಟೆ ನನಗೆ ಕಮ್ಮಿದು ಕೊಟ್ಟೆ ಅಂತ ಹಬ್ಬದ ಬೆಳಿಗ್ಗೆಯೇ ಕೂದಲು ಹಿಡಿದು ಕಿತ್ತಾಡಿದ್ರಂತೆ. ಅವತ್ತೇ ಅತ್ತೆ ಹೇಳಿದ್ರಂತೆ, "ಇನ್ಮೇಲೆ ಚೀಟಿ ಹಾಗೇ ಇರುತ್ತೆ. ಕಣ್ಣಾರೆ ನೋಡ್ಕೊಳ್ಳಿ, ಇಬ್ಬರಿಗೂ ಒಂದೇ ಬೆಲೆ."

ಜಗಳ ನಿಲ್ಲಿಸೋಕೆ ಮಾಡಿದ ಕಾನೂನು ಅದು. ಹುಡುಗರು ಬೆಳೆದ್ರು, ಮದುವೆಯಾಯ್ತು, ಕೊಡೋರೂ ಅವರೇ ಆದ್ರು. ಆಮೇಲೆ ಶುರುವಾಯ್ತು ನೋಡಿ ಪಂದ್ಯ. ಇವರು ಮೂರು ಸಾವಿರದ ಗಡಿಯಾರ ಕೊಟ್ರೆ ಮುಂದಿನ ವರ್ಷ ಭಾವ ಐದು ಸಾವಿರದ ಬೂಟು ತರೋರು. ಭಾವಂದು ಐದಾಯ್ತಲ್ಲ, ಇವರು ಎಂಟಕ್ಕೆ ಹೋಗೋರು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜುಟ್ಟು ನಮ್ಮ ಮನೆಯದು. ಹಬ್ಬ ಹತ್ತಿರ ಬಂತು ಅಂದ್ರೆ ಎಲ್ಲರಿಗೂ ಖುಷಿ, ನಾನು ಮಾತ್ರ ತಿಂಗಳ ಖರ್ಚಿನ ಲೆಕ್ಕ ಹಾಕ್ತಾ ಕೂರ್ತೀನಿ.

ನನ್ನ ಗಂಡ ದೊಡ್ಡ ಬಟ್ಟೆ ಮಳಿಗೆಯೊಂದರ ಹಿಂದಿನ ಕೋಣೇಲಿ ಕೆಲಸ ಮಾಡ್ತಾರೆ. ಬಂದ ಬಟ್ಟೆಗೆಲ್ಲ ಟ್ಯಾಗ್ ಗನ್ ಹಿಡಿದು ಟಕ್ ಟಕ್ ಅಂತ ಬೆಲೆಚೀಟಿ ಹಾಕೋದೇ ಕೆಲಸ. ಅಲ್ಲಿ ಅವರನ್ನ ಟ್ಯಾಗಣ್ಣ ಅಂತಾನೇ ಕರೀತಾರೆ. ನಾನು ಇನ್ನೊಂದು ಬೀದಿಯ ಟೈಲರ್ ಅಂಗಡೀಲಿ ಆಲ್ಟ್ರೇಷನ್ ಮಾಡ್ತೀನಿ: ಪ್ಯಾಂಟು ಗಿಡ್ಡ ಮಾಡೋದು, ಊಟ ಜಾಸ್ತಿಯಾದವರ ಸೊಂಟ ಬಿಡಿಸೋದು. ನನ್ನ ಸಂಬಳ ತರಕಾರಿಗೆ, ಮಗಳು ಪುಟ್ಟಿಯ ಸ್ಕೂಲ್ ಬಸ್ಸಿಗೆ ಸರಿಹೋಗುತ್ತೆ. ಬಾಡಿಗೆ, ಅತ್ತೆಯ ಔಷಧಿ, ಮಿಕ್ಕಿದ್ದೆಲ್ಲ ಇವರ ಕೆಲಸದಿಂದ. ಈ ವರ್ಷ ಮಳಿಗೆಯವರು ಕೆಲವರನ್ನ ತೆಗೆದುಹಾಕಿ ಉಳಿದವರ ಸಂಬಳಕ್ಕೆ ಕತ್ತರಿ ಹಾಕಿದ್ರು. ನಾನು ಇವರನ್ನ ಕೂರಿಸಿಕೊಂಡು ಹೇಳಿದ್ದೆ, "ನೋಡಿ, ಭಾವಂಗೆ ಎರಡೂವರೆ ಸಾವಿರದೊಳಗೆ ಏನಾದ್ರೂ ತನ್ನಿ. ಅತ್ತೆ ಏನಾದ್ರೂ ಅಂದ್ಕೊಳ್ಳಲಿ, ನಾನು ಉತ್ತರ ಕೊಡ್ತೀನಿ." ಹೂಂ ಅಂದಿದ್ರು. ಗಂಡಸರ ಹೂಂಗೆ ಏನು ಬೆಲೆ ಅಂತ ನನಗೆ ಗೊತ್ತಿರಬೇಕಿತ್ತು.

ಹಬ್ಬದ ಬೆಳಿಗ್ಗೆ ಭಾವ, ಅಕ್ಕ ಇಬ್ಬರೂ ಬಂದ್ರು. ಅಕ್ಕ ಅಂದ್ರೆ ಭಾವನ ಹೆಂಡತಿ. ಅವರಿಗೆ ಮಕ್ಕಳಿಲ್ಲ, ನಮ್ಮ ಪುಟ್ಟಿ ಅಂದ್ರೆ ಪ್ರಾಣ. ಭಾವ ಗಾಜಿನ ಕಾರ್ಖಾನೇಲಿ ಸೂಪರ್‌ವೈಸರ್, ಮಾತು ಕಮ್ಮಿ, ಇಸ್ತ್ರಿ ಮಾಡದ ಅಂಗಿ ಹಾಕಿದ್ದು ನಾನು ನೋಡಿಲ್ಲ. ಅಣ್ಣ ತಮ್ಮ ಪಕ್ಕಪಕ್ಕ ಕೂತ್ರೆ ಒಂದೇ ಮೂಗನ್ನ ಎರಡು ಸಲ ಅಂಟಿಸಿದ ಹಾಗೆ ಕಾಣುತ್ತೆ. ಗಿಣಿ ಕೊಕ್ಕಿನ ಹಾಗೆ ಬಾಗಿದ ಮೂಗು, ಅತ್ತೆಯಿಂದ ಬಂದದ್ದು.

ಭಾವ ಪುಟ್ಟಿಗೆ ಕೀಬೋರ್ಡ್ ತಂದಿದ್ರು, ಸಂಗೀತ ನುಡಿಸೋದು. ಅತ್ತೆ ಕನ್ನಡಕ ಮೂಗಿನ ಮೇಲೆ ಏರಿಸಿ ಚೀಟಿ ಓದಿದ್ರು. ಓದೋದು ಯಾವತ್ತೂ ಅವರೇ. "ಹನ್ನೆರಡು ಸಾವಿರ!" ಪುಟ್ಟಿ ದೊಡ್ಡಪ್ಪನ ಕುತ್ತಿಗೆಗೆ ಜೋತುಬಿದ್ದಳು. ನನ್ನ ಗಂಡ ನಗ್ತಾ ಒಂದು ಪೊಟ್ಟಣ ತಂದು ಅಣ್ಣನ ಮಡಿಲಲ್ಲಿಟ್ರು. ಬಿಚ್ಚಿದ್ರೆ ಕಂದು ಬಣ್ಣದ ಉಣ್ಣೆ ಕೋಟು. ಅತ್ತೆ ಚೀಟಿ ಹಿಡಿದು, ಕನ್ನಡಕ ಒರೆಸಿ ಮತ್ತೆ ಹಾಕ್ಕೊಂಡು, ನಿಧಾನಕ್ಕೆ ಓದಿದ್ರು. "ಹದಿನೆಂಟು ಸಾವಿರ."

ಹದಿನೆಂಟು ಸಾವಿರ ನಾವು ಮನೇಲಿ ಒಟ್ಟಿಗೆ ಕಂಡೇ ಇರಲಿಲ್ಲ. ಸಾಲ ಮಾಡಿದ್ರಾ? ಮಳಿಗೆಯಿಂದ ಎತ್ಕೊಂಡು ಬಂದ್ರಾ? ಅಕ್ಕ ಕೋಟನ್ನ ನನ್ನ ಕೈಗೂ ಕೊಟ್ಟು, "ಮುಟ್ಟಿ ನೋಡೇ, ಎಷ್ಟು ಮೆತ್ತಗಿದೆ" ಅಂದ್ರು. ಮುಟ್ಟಿದೆ. ಒಳಗಿನ ಲೈನಿಂಗು ಅಗ್ಗದ್ದು, ತೋಳಿನ ಹೊಲಿಗೆ ಆಗಲೇ ಬಾಯಿ ಬಿಡೋಕೆ ತಯಾರಾಗಿತ್ತು. ದಿನಾ ಇಂಥವನ್ನೇ ಬಿಚ್ಚಿ ಹೊಲಿಯೋ ಕೈ ಇದು. ಹದಿನೆಂಟು ಸಾವಿರದ ಕೋಟು ಹೀಗಿರಲ್ಲ. ಕೋಟು ಒಂದು, ಚೀಟಿ ಇನ್ನೊಂದರದ್ದು ಅಂತ ಹೊಳೀತು.

ಇವರನ್ನ ಅಡುಗೆಮನೆಗೆ ಎಳ್ಕೊಂಡು ಹೋದೆ. "ಏನ್ರೀ ಇದು?"

"ಕೋಟಿಗೆ ನಮ್ಮ ದುಡ್ಡೇ ಕೊಟ್ಟಿದ್ದೀನಿ. ಎರಡು ಸಾವಿರದ ಇನ್ನೂರು. ನೀನು ಹೇಳಿದ ಹಾಗೇ," ಅಂದ್ರು. ಕಣ್ಣು ಮಾತ್ರ ನಲ್ಲಿ ಕಡೆಗಿತ್ತು. "ಚೀಟಿ ಒಂದು ಬೇರೆ ಹಾಕಿದೆ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು. ಹೋದ ತಿಂಗಳು ಚೀಟಿ ಬದಲಾಯಿಸಿದ ಅಂತ ಒಬ್ಬನ್ನ ಕೆಲಸದಿಂದ ತೆಗೆದು ಪೊಲೀಸರಿಗೆ ಕೊಟ್ರು ಅಂತ ನೀವೇ ಬಂದು ಹೇಳಿದ್ರಲ್ಲ?"

"ಅವನು ಮಾರೋಕೆ ಬದಲಾಯಿಸಿದ್ದ. ನಾನು ಅಮ್ಮ ಓದಲಿ ಅಂತ ಬದಲಾಯಿಸಿದ್ದು. ಮನೆಯೊಳಗೇ ಇರೋ ಕೋಟು, ಯಾರಿಗೆ ಗೊತ್ತಾಗುತ್ತೆ? ನಮ್ಮನೇಲಿ ಇವತ್ತಿನವರೆಗೂ ಯಾರಾದ್ರೂ ಉಡುಗೊರೆ ವಾಪಸ್ ಕೊಟ್ಟಿದ್ದಾರಾ?"

ಅದು ನಿಜ. ವಾಪಸ್ ಕೊಟ್ರೆ ಅವಮಾನ ಅಂತ, ಬೆರಳು ಹಿಡಿಸದ ಕೈಗವಸು, ಕಾಲು ಕಚ್ಚೋ ಬೂಟು ಎಲ್ಲಾ ಬೀರುವಿನಲ್ಲಿ ಕೊಳೀತಿವೆ. ನಾನು ಸ್ವಲ್ಪ ಉಸಿರು ಬಿಟ್ಟೆ. ಅಷ್ಟರಲ್ಲಿ ಹಾಲ್‌ನಿಂದ ಭಾವನ ಧ್ವನಿ ಕೇಳಿಸ್ತು.

"ಭುಜ ಸ್ವಲ್ಪ ಬಿಗಿ ಕಣೋ. ನಾಳೆ ನಿಮ್ಮ ಮಳಿಗೇಲೇ ಬದಲಾಯಿಸ್ಕೊಂಡು ಬರ್ತೀನಿ."

ಇವರ ಮುಖ ಸುಣ್ಣದ ಗೋಡೆಯಾಯ್ತು. ಹಬ್ಬ ಮುಗಿದ ಮೇಲೆ ಒಂದು ವಾರ ಆ ಮಳಿಗೇಲಿ ಬಿಲ್ ಕೇಳಲ್ಲ, ಚೀಟಿ ಇದ್ರೆ ಸಾಕು, ಬದಲಿನೂ ಕೊಡ್ತಾರೆ, ದುಡ್ಡೂ ಕೊಡ್ತಾರೆ. ಉಡುಗೊರೆ ಬಂದವರ ಹತ್ತಿರ ಬಿಲ್ ಇರಲ್ಲವಲ್ಲ, ಅದಕ್ಕೆ. ನಾನು ಹಾಲ್‌ಗೆ ಓಡಿದೆ. "ಬದಲಾಯಿಸೋದೇನು ಭಾವ, ಕೊಡಿ ಇಲ್ಲಿ. ಭುಜ ಬಿಡಿಸೋದು ನನಗೆ ನೀರು ಕುಡಿದ ಹಾಗೆ, ಸಂಜೆಯೊಳಗೆ ಕೊಡ್ತೀನಿ."

ಅಕ್ಕ ನಕ್ಕರು. "ಹದಿನೆಂಟು ಸಾವಿರದ ಕೋಟಿಗೆ ಕತ್ತರಿ ಹಾಕ್ತಾಳಂತೆ, ಕೇಳಿದ್ರಾ ಅತ್ತೆ?"

"ಬೇಡಮ್ಮ, ನಿನಗ್ಯಾಕೆ ತೊಂದರೆ," ಅಂದ್ರು ಭಾವ. ಕೋಟನ್ನ ಮಡಿಚಿ ಚೀಲಕ್ಕೆ ಹಾಕ್ಕೊಂಡ್ರು. ಆ ಚೀಲವನ್ನ ಊಟ ಮಾಡುವಾಗಲೂ ಕಾಲ ಹತ್ತಿರಾನೇ ಇಟ್ಕೊಂಡಿದ್ರು.

ಅವರು ಹೋದ ಮೇಲೆ ಇವರಿಗೆ ಹೇಳಿದೆ, ಈಗಲೇ ಫೋನ್ ಮಾಡಿ ನಿಜ ಹೇಳಿಬಿಡಿ ಅಂತ. "ಅಣ್ಣನ ಮುಂದೆ ಹೇಗೆ ಹೇಳಲಿ? ಅದಕ್ಕಿಂತ ಸಾಯೋದು ವಾಸಿ," ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಬೆಳಿಗ್ಗೆ ಎದ್ದು ಏನೂ ತಿನ್ನದೆ ಕೆಲಸಕ್ಕೆ ಹೋದ್ರು. ನಾನೇ ಹೇಳ್ತೀನಿ ಅಂತ ಟೈಲರ್ ಅಂಗಡಿಯಿಂದ ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. "ಅವರು ಕಾರ್ಖಾನೆಗೆ ಹೊರಟು ಎಷ್ಟೊತ್ತಾಯ್ತು. ಕೋಟಿನ ಚೀಲಾನೂ ತಗೊಂಡೇ ಹೋದ್ರು, ದಾರೀಲಿ ಬದಲಾಯಿಸ್ಕೊಂಡು ಹೋಗ್ತಾರಂತೆ," ಅಂದ್ರು. ಅಂಗಡಿ ಮಾಸ್ಟರ್ ಹತ್ತಿರ ಹಲ್ಲುನೋವು ಅಂತ ಸುಳ್ಳು ಹೇಳಿ, ಬಾಯಲ್ಲಿದ್ದ ಗುಂಡುಸೂಜಿ ಮೇಜಿನ ಮೇಲೆ ಉಗಿದು ಓಡಿದೆ. ಹಲ್ಲುನೋವಿದ್ದವಳು ಗುಂಡುಸೂಜಿ ಯಾಕೆ ಕಚ್ಕೊಂಡಿದ್ದಳು ಅಂತ ಆಮೇಲೆ ಕೇಳೇ ಕೇಳ್ತಾರೆ, ಇರಲಿ.

ವಾಪಸಾತಿ ಕೌಂಟರಿನ ಮುಂದೆ ದೊಡ್ಡ ಸಾಲು. ನಿನ್ನೆ ತಬ್ಬಿಕೊಂಡು ತಗೊಂಡದ್ದನ್ನೆಲ್ಲ ಜನ ಇವತ್ತು ಚೀಲದಲ್ಲಿ ತುರುಕಿ ತಂದಿದ್ರು. ಭಾವ ಆಗಲೇ ಸಾಲಿನ ಮುಂದಿನ ತುದಿ ಮುಟ್ಟಿಬಿಟ್ಟಿದ್ರು. "ಭಾವ!" ಅಂತ ಕೂಗಿದೆ. ಆ ಗದ್ದಲದಲ್ಲಿ ಕೇಳಿಸಲಿಲ್ಲ. ನಡುವೆ ನುಗ್ಗಿದ್ದಕ್ಕೆ ಒಬ್ಬಾಕೆ ನನ್ನನ್ನ ಬೈದಳು. ನಾನು ಹತ್ತಿರ ಹೋಗೋವಷ್ಟರಲ್ಲಿ ಕೋಟು ಕೌಂಟರಿನ ಮೇಲಿತ್ತು.

"ಯಾವ ಸೈಜ್ ಬೇಕು ಸಾರ್?" ಕೌಂಟರಿನ ಹುಡುಗಿ ಕೇಳಿದಳು.

"ಬದಲಿ ಬೇಡಮ್ಮ," ಅಂದ್ರು ಭಾವ. "ದುಡ್ಡೇ ಕೊಟ್ಟುಬಿಡಿ."

ಇದನ್ನ ನಾನು ಎಣಿಸಿರಲಿಲ್ಲ. ಹುಡುಗಿ ಚೀಟಿಗೆ ಮೆಷಿನ್ ಹಿಡಿದಳು, ಬೀಪ್ ಅಂತು. ಆಮೇಲೆ ಕೋಟಿನ ಒಳಗೆ ಹೊಲಿದಿದ್ದ ನಂಬರ್ ನೋಡಿದಳು. ಮತ್ತೆ ಚೀಟಿ ನೋಡಿದಳು. ಫೋನ್ ಎತ್ತಿದಳು.

ಮ್ಯಾನೇಜರ್ ಬಂದ್ರು. ಸಣ್ಣ ಧ್ವನಿಯ ಮನುಷ್ಯ, ಕೂಗಾಡೋರಾಗಿದ್ರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ. "ಇದು ಎರಡು ಸಾವಿರದ ಇನ್ನೂರರ ಕೋಟು. ಹದಿನೆಂಟು ಸಾವಿರದ ಚೀಟಿ ಹೇಗೆ ಬಂತು ಸಾರ್?"

ಭಾವ ಕೋಟನ್ನೇ ನೋಡ್ತಾ ನಿಂತ್ರು. ಅವರಿಗೆ ಅರ್ಥವಾಗಿದ್ದು ನನಗೆ ಕಾಣಿಸ್ತು, ಕಿವಿ ಕೆಂಪಗಾಯ್ತು. ಉಡುಗೊರೆ ಬಂದದ್ದು, ಕೊಟ್ಟವನು ನಿಮ್ಮ ಹಿಂದಿನ ಕೋಣೇಲೇ ಇದ್ದಾನೆ ಅಂದ್ರೆ ಮುಗೀತಿತ್ತು. ಅವರು ತಲೆ ಎತ್ತಿದಾಗ ನಾನು ಅವರ ಕಣ್ಣಿಗೆ ಬಿದ್ದೆ. ಬಾಯಿಗೆ ಸೆರಗು ಒತ್ಕೊಂಡು ನಿಂತಿದ್ದೆ. ಬರಬೇಡ ಅನ್ನೋ ಹಾಗೆ ಸ್ವಲ್ಪವೇ ಸ್ವಲ್ಪ ತಲೆ ಆಡಿಸಿದ್ರು.

"ನಾನೇ ಹಾಕಿದ್ದು," ಅಂದ್ರು. "ಇಲ್ಲೇ ಇನ್ನೊಂದು ಕೋಟಿಂದ ಕಿತ್ತು ಸೇರಿಸಿದೆ. ತಪ್ಪಾಯ್ತು."

"ಇದು ನಮ್ಮ ಗನ್ನಿನ ಪಿನ್ನು. ಹೊರಗಿನವರಿಗೆ ಹೀಗೆ ಹಾಕೋಕೆ ಬರಲ್ಲ," ಅಂದ್ರು ಮ್ಯಾನೇಜರ್. "ಟ್ಯಾಗಣ್ಣನ್ನ ಕರೀರಿ."

ಇವರು ಬಂದ್ರು. ಕೈಯಲ್ಲಿ ಗನ್ ಇನ್ನೂ ಹಾಗೇ ಇತ್ತು. ಅಣ್ಣನ್ನ ನೋಡಿ, ಕೋಟು ನೋಡಿ, ಗರ ಬಡಿದವರ ಹಾಗೆ ನಿಂತ್ರು. ನನ್ನನ್ನ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ, ಗನ್ನನ್ನ ಬೆನ್ನ ಹಿಂದಕ್ಕೆ ತಗೊಂಡ್ರು. ದೇವರೇ, ಇದನ್ನ ಯಾರೂ ಗಮನಿಸದಿರಲಿ ಅಂತ ನಾನು ಬೇಡ್ಕೊಂಡೆ.

"ಈ ಪಿನ್ನು ಗನ್ನಿಂದ ಹೊಡೆದದ್ದಾ?" ಮ್ಯಾನೇಜರ್ ಕೇಳಿದ್ರು.

ಇವರು ಬಗ್ಗಿ ನೋಡಿದ್ರು. "ಇಲ್ಲ ಸಾರ್. ಕೈಯಿಂದ ಸಿಗಿಸಿದ ಹಾಗಿದೆ."

"ಇವರು ಯಾರು ಅಂತ ಗೊತ್ತಾ?"

ಭಾವ ನಡುವೆ ಬಾಯಿ ಹಾಕಿದ್ರು. "ನನಗೆ ಇಲ್ಲಿ ಯಾರ ಪರಿಚಯಾನೂ ಇಲ್ಲ ಸ್ವಾಮಿ."

"ನಿಮ್ಮನ್ನ ಕೇಳಲಿಲ್ಲ." ಮ್ಯಾನೇಜರ್ ಇಬ್ಬರ ಮುಖವನ್ನೂ ಒಂದು ಸಲ ನೋಡಿದ್ರು. "ಮೂಗು ನೋಡಿದ್ರೆ ನಿನ್ನ ಕಡೆಯವರ ಥರಾನೇ ಇದ್ದಾರೆ. ಗೊತ್ತಿದ್ರೆ ಈಗಲೇ ಹೇಳು."

ಹೇಳಿಬಿಡಲಿ ಅಂತ ಒಂದು ಮನಸ್ಸು, ಹೇಳದಿರಲಿ ಅಂತ ಇನ್ನೊಂದು. ಬಾಡಿಗೆ ನೆನಪಾಯ್ತು, ಪುಟ್ಟಿ ನೆನಪಾದಳು, ಅತ್ತೆಯ ಮಾತ್ರೆ ನೆನಪಾಯ್ತು. ಎರಡನೇ ಮನಸ್ಸೇ ಗೆದ್ದಿತ್ತು, ಅದನ್ನ ಮುಚ್ಚಿಡಲ್ಲ.

"ಗೊತ್ತಿಲ್ಲ ಸಾರ್," ಅಂದ್ರು ನನ್ನ ಗಂಡ, ಅಣ್ಣನ ಮುಖ ನೋಡ್ಕೊಂಡೇ. "ಇವರನ್ನ ನಾನು ಯಾವತ್ತೂ ನೋಡಿಲ್ಲ."

ಹಬ್ಬದ ಮಾರನೇ ದಿನವೇ ಪೊಲೀಸರನ್ನ ಕರೆಯೋದು ಬೇಡ ಅಂದ್ರು ಮ್ಯಾನೇಜರ್. ಕೋಟು ಕಿತ್ತುಕೊಂಡ್ರು. ಇನ್ಮೇಲೆ ಒಳಗೆ ಬಿಡಬಾರದು ಅಂತ ಕಾವಲುಗಾರನಿಗೆ ತೋರಿಸೋಕೆ ಭಾವನ ಫೋಟೋ ತೆಗೆಸಿದ್ರು. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡ್ತಿದ್ರು. ಭಾವ ಅಂಗಿಯ ಕಾಲರ್ ಸರಿಮಾಡ್ಕೊಂಡು ಗೋಡೆಗೆ ನಿಂತ್ರು. ಇವರು ಹಿಂದಿನ ಕೋಣೆಗೆ ಹೋಗಿಬಿಟ್ಟಿದ್ರು. ಒಳಗಿಂದ ಮತ್ತೆ ಟಕ್ ಟಕ್ ಶಬ್ದ ಶುರುವಾಯ್ತು.

ಹೊರಗೆ ಬಸ್ ಸ್ಟಾಪಿನ ಹತ್ತಿರ ಭಾವನ್ನ ಹಿಡಿದೆ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. "ಯಾಕೆ ಭಾವ ಹೀಗೆ ಮಾಡಿದ್ರಿ? ಅವರು ನಿಮ್ಮ ತಮ್ಮ ಅಂತ ಹೇಳೋಕೂ ಆಗದ ಹೇಡಿ. ಮನೆಗೆ ಬರಲಿ ಇವತ್ತು."

"ಅವನಿಗೇನೂ ಅನ್ನಬೇಡ. ಹೆದರಿಬಿಟ್ಟ ಅಷ್ಟೇ," ಅಂದ್ರು ಭಾವ. ಬೆಂಚಿನ ಮೇಲೆ ಕೂತ್ರು. "ಇಬ್ಬರಲ್ಲಿ ಒಬ್ಬನ ಕೆಲಸ ಆದ್ರೂ ಉಳೀಬೇಕಲ್ಲಮ್ಮ."

ನನಗೆ ತಟ್ಟನೆ ತಿಳೀಲಿಲ್ಲ. ಅವರೇ ಹೇಳಿದ್ರು. "ಕಾರ್ಖಾನೆ ಮುಚ್ಚಿ ಮೂರು ತಿಂಗಳಾಯ್ತು. ನಿಮ್ಮಕ್ಕನಿಗೆ ಗೊತ್ತಿಲ್ಲ. ಬೆಳಿಗ್ಗೆ ಡಬ್ಬಿ ತಗೊಂಡು ಹೊರಡ್ತೀನಿ, ಸಂಜೆ ಮನೆಗೆ ಹೋಗ್ತೀನಿ. ಆ ಕೋಟಿನ ದುಡ್ಡು ಬಂದಿದ್ರೆ ಈ ತಿಂಗಳು ಹೇಗೋ ಕಳೀತಿತ್ತು."

"ಮತ್ತೆ ಪುಟ್ಟಿಗೆ ಹನ್ನೆರಡು ಸಾವಿರದ ಕೀಬೋರ್ಡ್?"

"ಸಾಲ." ಅವರು ಕೈ ನೋಡ್ಕೊಂಡ್ರು. "ನಿನ್ನ ಗಂಡ ಈ ಸಲ ಎಷ್ಟರದ್ದು ತರ್ತಾನೋ ಅಂತ ಭಯ ಆಯ್ತು ನನಗೆ."

ನಾನು ಅವರ ಪಕ್ಕದಲ್ಲಿ ಕೂತುಬಿಟ್ಟೆ. ಬನ್ನಿ, ಮನೆಗೆ ಹೋಗೋಣ ಅಂತ ಕರೆದೆ. ಭಾವ ಗಡಿಯಾರ ನೋಡ್ಕೊಂಡ್ರು, ಆಮೇಲೆ ರಸ್ತೆಯ ಎರಡೂ ಕಡೆ ನೋಡಿದ್ರು, ಗುರುತಿನವರು ಯಾರಾದ್ರೂ ಇದ್ದಾರಾ ಅಂತ.

"ನೀನು ಹೋಗಮ್ಮ. ನಿನ್ನ ಕೆಲಸಾನೂ ಕಳ್ಕೋಬೇಡ," ಅಂದ್ರು. "ನಾನು ಸಂಜೆ ಆಗೋವರೆಗೂ ಎಲ್ಲೂ ಹೋಗೋ ಹಾಗಿಲ್ಲ."