ಸಾಯುವ ಕೆಲಸಕ್ಕೆ ಕುಪ್ಪಮ್ಮ

ತಮಿಳು ಸೀಮೆಯ ನಂಗವಳ್ಳಿಯ ಗೊಬ್ಬರದಂಗಡಿ ಮೇಲಿನ ಮಹಡಿಯಲ್ಲಿ ಕುಪ್ಪಮ್ಮನಿಗೆ ದಿನಕ್ಕೆರಡು ಸಲ ಸಾಯುವ ಕೆಲಸ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ನಡುವೆ ಊಟ.

ಕಲಿಸುವವಳು ಮಾಲತಿ. ಇಸ್ರೇಲಿನಲ್ಲಿ, ಸಾವು ಹತ್ತಿರವಾದ ಯೆಹೂದಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಹನ್ನೊಂದು ವರ್ಷ ದುಡಿದು ಬಂದವಳು. ಈಗ ಅದೇ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ತಯಾರು ಮಾಡುತ್ತಾಳೆ. ಒದ್ದೆ ಹತ್ತಿಯಿಂದ ತುಟಿ ತೇವ ಮಾಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಇದೆಲ್ಲ ಎಲ್ಲ ಕಡೆಯೂ ಇರುವ ಪಾಠ. ಅಲ್ಲಿಯವರ ಪಾಠ ಇನ್ನೂ ಮುಂದಕ್ಕೆ ಹೋಗುತ್ತದೆ: ಕೊನೆಯ ಉಸಿರಿನಲ್ಲಿರುವವರನ್ನು ಅಲುಗಿಸಬಾರದು, ತಲೆದಿಂಬು ಎಳೆಯಬಾರದು, ಒಬ್ಬರನ್ನೇ ಬಿಟ್ಟು ಏಳಬಾರದು. ಉಸಿರು ನಿಂತ ಮೇಲೆ, ಜೀವ ಹೊರಗೆ ಹೋಗಲಿ ಎಂದು, ಕಿಟಕಿ ತೆಗೆಯಬೇಕು.

"ಕಿಟ್ಕಿ ಯಾಕಮ್ಮಾ? ನಮ್ಮೋರ್ಗೆ ಬಾಗ್ಲೇ ಸಾಕಾಗ್ತದಲ್ಲ?" ಎಂದಿದ್ದಳು ಕುಪ್ಪಮ್ಮ, ಸತ್ತಲ್ಲಿಂದಲೇ.

"ಸತ್ತೋರು ಮಾತಾಡಂಗಿಲ್ಲ, ಪಾಟಿ," ಎಂದಳು ಮಾಲತಿ, ಅಜ್ಜಿಯನ್ನು ತಮಿಳರಂತೆ ಕರೆದು.

ಕುಪ್ಪಮ್ಮ ಪಾಲಮಲೆ ಬೆಟ್ಟದಿಂದ ಇಳಿದು ಬಂದು ತಂಗಿ ಮಗಳ ಮನೆಯಲ್ಲಿ ಬಿದ್ದುಕೊಂಡಿದ್ದ ಮುದುಕಿ; ಈಗ ಪಾಠಕ್ಕಾಗಿ ಸಾಯುವ ರೋಗಿಯಂತೆ ನಟಿಸುತ್ತಿದ್ದಳು. ಸಾವಿನ ಲಕ್ಷಣಗಳನ್ನು ಮಾಲತಿ ಅವಳಿಗೆ ಒಂದೊಂದಾಗಿ ಹೇಳಿಕೊಟ್ಟಳು: ಊಟ ಸೇರದು, ಮಂಪರು, ಹತ್ತು ಎಣಿಸುವಷ್ಟು ಹೊತ್ತು ಉಸಿರು ನಿಂತು ಮತ್ತೆ ಬರುವುದು. ಕುಪ್ಪಮ್ಮ ಎಷ್ಟು ಚೆನ್ನಾಗಿ ಸತ್ತಳೆಂದರೆ ಎರಡನೇ ದಿನ ಒಬ್ಬಳು ಅಳುತ್ತಾ ಬಸ್ ಹತ್ತಿ ಹೋದವಳು ತಿರುಗಿ ಬರಲಿಲ್ಲ.

ಉಳಿದವರು ಹದಿನಾರು ಜನ. ಅವರಲ್ಲಿ ರಾಧಾ ಈ ಕೆಲಸದ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ಫೇಲಾದವಳು. ಮೂರನೆಯದೇ ಕೊನೆ, ಆಮೇಲೆ ಹೆಸರು ಹೊಡೆದುಹಾಕುತ್ತಾರೆ. ಕುಪ್ಪಮ್ಮನ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಹೋಗುತ್ತಿದೆ ಎಂದು ಕಂಡುಕೊಂಡವಳೂ ಅವಳೇ.

"ಊಟದ ಒತ್ನಾಗೂ ಆಕ್ಟಿಂಗಾ ಅಜ್ಜಿ?" ಎಂದಳು ಒಂದು ಮಧ್ಯಾಹ್ನ, ಬೇರೆಯವರು ಕೆಳಗೆ ಹೋಗಿದ್ದಾಗ.

ಕುಪ್ಪಮ್ಮ ಎಲೆಅಡಿಕೆ ಚೀಲದಿಂದ ಮಡಿಸಿದ ಕಾಗದ ತೆಗೆದಳು. "ಓದಮ್ಮಿ."

ಆಸ್ಪತ್ರೆಯ ಚೀಟಿ. ಈಲಿಯ ಕ್ಯಾನ್ಸರ್, ಎಲ್ಲ ಕಡೆ ಹರಡಿದೆ, ನೋವಿನ ಮಾತ್ರೆ ಕೊಟ್ಟು ಮನೆಯಲ್ಲಿಟ್ಟು ನೋಡಿಕೊಳ್ಳಿ.

"ಮಾಲತಕ್ಕಂಗೆ ಹೇಳ್ತೀನಿ."

"ಹೇಳ್ಬ್ಯಾಡ. ಮನೇಗೆ ಕಳಿಸ್ಬುಡ್ತಾಳೆ. ಅಲ್ಲಿ ಆಡಿನ್ ಕೊಟ್ಗೆ ಪಕ್ಕ ಮಲಗುಸ್ತಾರೆ, ಒಬ್ರೂ ಕೂರಲ್ಲ. ಇಲ್ಲಿ ಫ್ಯಾನ್ ಐತೆ. ಸುತ್ತ ಹದ್ನಾರು ಜನ ಇರ್ತೀರಿ." ಮುದುಕಿ ಚೀಲದ ದಾರ ಬಿಗಿದಳು. "ಅದ್ರಾಗೆ ಹದ್ನೈದು ಜನ ಗಡಿಯಾರ ನೋಡ್ತಾರೆ. ನೀನು ನನ್ ಮುಕ ನೋಡ್ತೀಯ. ಅದ್ಕೇ ಫೇಲಾಗ್ತೀಯ. ಆ ದಿನ ಬಂದ್ರೆ ಎದ್ದೋಗ್ಬ್ಯಾಡ, ಅಷ್ಟೇ."

ರಾಧಾ ತಲೆಯಾಡಿಸಿದಳು. ಎಂಥದ್ದಕ್ಕೆ ತಲೆಯಾಡಿಸಿದೆ ಎಂದು ತಿಳಿಯಲು ಸಾಯಂಕಾಲದ ಬಸ್ಸಿನವರೆಗೆ ಬೇಕಾಯಿತು.

ಅಲ್ಲಿಂದ ಮುಂದೆ ನಟನೆ ದಿನದಿಂದ ದಿನಕ್ಕೆ ಸುಧಾರಿಸಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಮಾಲತಿಯೇ "ರೊಂಬ ನಲ್ಲಾ ಪಣ್ಣೀಂಗ, ಪಾಟಿ" ಎಂದು, ತುಂಬ ಚೆನ್ನಾಗಿ ಮಾಡಿದಿರಿ ಎಂದು, ತಮಿಳಿನಲ್ಲೇ ಮೆಚ್ಚಿದಳು. ಮೆಚ್ಚುಗೆಯನ್ನು ಕುಪ್ಪಮ್ಮ ಕಣ್ಣು ತೆರೆಯದೆಯೇ ಸ್ವೀಕರಿಸಿದಳು. ಏಳಲು ಅವಳಿಗೆ ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಆ ಹೊತ್ತನ್ನು ಎಣಿಸುತ್ತಿದ್ದವಳು ರಾಧಾ ಒಬ್ಬಳೇ.

ಪರೀಕ್ಷೆಯ ದಿನ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪಿನಲ್ಲಿ ಚೆನ್ನೈನ ಪರೀಕ್ಷಕ ವಿಶ್ವನಾಥನ್ ಮೂಡಿದ. ಮೊದಲ ಸರದಿ ರಾಧಾಳದು.

"ಪೇಷೆಂಟನ್ನ ವೀಲ್‌ಚೇರ್‌ಗೆ ಶಿಫ್ಟ್ ಮಾಡಿ. ನಾಲ್ಕು ನಿಮಿಷ."

ರಾಧಾ ಹೊದಿಕೆ ಸರಿಸಿದಳು. ಕುಪ್ಪಮ್ಮನ ಮೊಣಕಾಲ ಮೇಲೆ ನೇರಳೆ ಬಣ್ಣದ ಬಲೆ ಹರಡಿತ್ತು. ಮುಟ್ಟಿದರೆ ಮಡಕೆಯಂತೆ ತಣ್ಣಗೆ. ಸಾವಿನ ಈ ಕೊನೆಯ ಲಕ್ಷಣವನ್ನು ಮಾಲತಿ ಹುಡುಗಿಯರಿಗೆ ಕಲಿಸಿದ್ದಳು, ಕುಪ್ಪಮ್ಮನಿಗೆ ಕಲಿಸಿರಲಿಲ್ಲ. ಅದನ್ನು ನಟಿಸಲು ಬರುವುದಿಲ್ಲ. ಉಸಿರು ನಿಂತಿತು. ಹತ್ತು. ಹದಿನೈದು. ಇಪ್ಪತ್ತೆರಡಕ್ಕೆ ಮತ್ತೆ ಬಂತು.

ರಾಧಾ ಸ್ಟೂಲ್ ಎಳೆದುಕೊಂಡು ಕೂತು ಮುದುಕಿಯ ಕೈ ಹಿಡಿದಳು. "ಅಲುಗುಸಂಗಿಲ್ಲ ಸಾರ್."

"ನಮ್ಮ ಪೇಪರ್‌ನಲ್ಲಿ ಪೇಷೆಂಟ್ ಸ್ಟೇಬಲ್ ಅಮ್ಮಾ."

"ಪೇಪರ್‌ನಾಗೆ ಇರ್‍ಬೌದು ಸಾರ್."

ಹಿಂದಿನಿಂದ ಮಾಲತಿ ಪಿಸುಗುಟ್ಟಿದಳು: "ಕಡೇ ಚಾನ್ಸ್ ಕಣೇ. ಎತ್ತು."

"ಮೊಣ್ಕಾಲ್ ನೋಡಕ್ಕಾ."

ಮಾಲತಿ ಬಗ್ಗಿ ನೋಡಿದಳು. ಹನ್ನೊಂದು ವರ್ಷದವಳಿಗೆ ಒಂದು ನೋಟ ಸಾಕಾಯಿತು. ಆಂಬುಲೆನ್ಸ್ ಕರೆಸಲು ಫೋನ್ ಎತ್ತಿದ ಅವಳ ಕೈಗೆ ರಾಧಾ ಎಲೆಅಡಿಕೆ ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು ಕೊಟ್ಟಳು. ಮಾಲತಿ ಎರಡು ಸಲ ಓದಿ ಫೋನನ್ನು ಕೆಳಗಿಟ್ಟಳು.

"ಎಷ್ಟ್ ದಿನದಿಂದ ಗೊತ್ತು?"

"ಹದ್ನೆಂಟು."

"ಟೈಮ್ ಓವರ್," ಎಂದಿತು ಲ್ಯಾಪ್‌ಟಾಪ್. "ಕ್ಯಾಂಡಿಡೇಟ್ ಫೇಲ್. ನೆಕ್ಸ್ಟ್."

ಬಾಗಿಲ ಹೊರಗೆ ಗ್ಲೌಸ್ ಹಾಕಿಕೊಂಡು ಕಾಯುತ್ತಿದ್ದವರಲ್ಲಿ ಯಾರೋ ನಕ್ಕರು: "ಪಾಟಿ ಇವತ್ತು ಬಲೇ ಜೋರು." ಯಾರೂ ತಿರುಗಿ ನೋಡಲಿಲ್ಲ. ರಾಧಾ ಎಣಿಸುತ್ತಿದ್ದಳು. ಮೂವತ್ತು. ನಲವತ್ತು. ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟಳು.

ಮಾಲತಿ ಕಿಟಕಿಗೆ ಹೋದಳು. ಪಾಠದಲ್ಲಿ ತೆಗೆದಂತೆ ಕೈಯಾಡಿಸಿದರೆ ಸಾಕಾಗುತ್ತಿತ್ತು, ಹಾಗಾಗಿ ಚಿಲಕ ತುಕ್ಕು ಹಿಡಿದಿದ್ದು ಯಾರಿಗೂ ಗೊತ್ತಿರಲಿಲ್ಲ. ಅವಳು ಚಪ್ಪಲಿ ಬಿಚ್ಚಿ ಅದರ ಹಿಮ್ಮಡಿಯಿಂದ ಹೊಡೆದಳು. ಮೂರನೇ ಏಟಿಗೆ ಕದ ತೆರೆದು, ಕೆಳಗಿನ ಗೊಬ್ಬರದ ವಾಸನೆಯೂ ಬಸ್ಸಿನ ಹಾರನ್ನೂ ಒಳಗೆ ಬಂದವು.

"ನೆಕ್ಸ್ಟ್," ಎಂದಿತು ಲ್ಯಾಪ್‌ಟಾಪ್.

ರಾಧಾ ಏಳಲಿಲ್ಲ.